ವ್ಯಾಲೇಸ್ ಕುರಿತ ಲೇಖನವನ್ನು ಡಾರ್ವಿನ್ ತಕರಾರಿನಿಂದ ಶುರುಮಾಡಬಹುದೇ?

ಬೇಡ. ನನ್ನ ಓದೂ ‘ಡಾರ್ವಿನ್ ಮೋಸ ಮಾಡಿದನೇ’ ಎಂಬಲ್ಲಿಂದಲೇ ಶುರುವಾಗಿತ್ತು, ಅದಕ್ಕೇ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ನಿಸರ್ಗದ ಆಯ್ಕೆಯಿಂದ ಜೀವಜಾತಿಗಳು ಬದಲಾಗುತ್ತವೆ ಎಂಬುದು ಇಬ್ಬರಿಗೂ ಬೇರೆಬೇರೆಯಾಗಿ ಹೊಳೆದಿತ್ತು; 1858ರ ಜುಲೈ 1ರಂದು ಲಂಡನ್ನಿನ ವಿಜ್ಞಾನ ಸಂಘವಾದ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದರು. ದೂರದ ದ್ವೀಪಗಳಲ್ಲಿದ್ದ ಇಂಗ್ಲಿಷ್ ಜೀವಿಸಂಗ್ರಾಹಕ ಆಲ್ಫ್ರೆಡ್ ರಸೆಲ್ ವ್ಯಾಲೇಸ್‌ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ; ಅದು ತಪ್ಪೇ. ಆದರೆ ಆತ ಜಗಳಕ್ಕಿಳಿಯಲಿಲ್ಲ. 1889ರಲ್ಲಿ ತನ್ನ ಪುಸ್ತಕಕ್ಕೆ ‘ಡಾರ್ವಿನಿಸಂ’ ಎಂದೇ ಹೆಸರಿಟ್ಟ.

1852ರಿಂದ ಶುರುಮಾಡಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಸರ್ವೆ ಕೆಲಸ ಕಲಿತವನು, 1848ರಲ್ಲಿ ಗೆಳೆಯ ಹೆನ್ರಿ ಬೇಟ್ಸ್ ಜೊತೆ ಅಮೆಜಾನ್‌ಗೆ ಹೋಗಿದ್ದ. ಹಿಡಿದ ಕೀಟ, ಹಕ್ಕಿಗಳನ್ನು ಲಂಡನ್ನಿನ ಏಜೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್ ಮೂಲಕ ಮಾರಿ ಖರ್ಚು ತೂಗಿಸಬೇಕು. ಆದರೆ ಮೊದಲೇ ರವಾನೆಯಾಗಬೇಕಿದ್ದ ಸಂಗ್ರಹ ಸುಂಕದವರ ಬಳಿ ತಡೆದು ನಿಂತಿದ್ದರಿಂದ ಎಲ್ಲವೂ ವಾಪಸಾಗುವ ಒಂದೇ ಹಡಗಿಗೆ ಏರಿತು. ಆಗಸ್ಟ್ 6ರಂದು ಆ ‘ಹೆಲೆನ್’ ಹಡಗಿಗೆ ಬೆಂಕಿ ಬಿತ್ತು. ಉಳಿದದ್ದು ತಗಡಿನ ಡಬ್ಬಿಯಲ್ಲಿದ್ದ ಮೀನು, ತಾಳೆಗಳ ಚಿತ್ರಗಳು ಮತ್ತು ಕೆಲವು ಟಿಪ್ಪಣಿ. ಹತ್ತು ದಿನ ದೋಣಿಯಲ್ಲಿ ಕಳೆದ. ಸ್ಟೀವನ್ಸ್ 200 ಪೌಂಡಿಗೆ ವಿಮೆ ಮಾಡಿಸಿದ್ದು ಪುಣ್ಯ.

ಈ ಬೆಂಕಿಯ ಕಥೆಗೇ ಎಲ್ಲರೂ ನಿಂತುಬಿಡುತ್ತಾರೆ. ಅದೇ ಡಿಸೆಂಬರಿನಲ್ಲಿ ಆತ ಓದಿದ ಅಮೆಜಾನ್ ಕೋತಿಗಳ ಪ್ರಬಂಧ ನೋಡಿ. ಮ್ಯೂಸಿಯಂ ಚೀಟಿಗಳಲ್ಲಿ ‘ಬ್ರೆಜಿಲ್’, ‘ಪೆರು’ ಎಂದಷ್ಟೇ ಇರುತ್ತದೆ, ನದಿಯ ಯಾವ ದಡ ಎಂದಿರುವುದಿಲ್ಲ ಎಂಬುದು ಆತನ ತಕರಾರು. ಅಮೆಜಾನ್, ರಿಯೊ ನೀಗ್ರೊ, ಮದೀರಾ ನದಿಗಳು ಕೆಲವು ಕೋತಿಗಳಿಗೆ ಗಡಿ; ಒಂದು ದಡದಲ್ಲಿರುವ ಜಾತಿ ಎದುರು ದಡದಲ್ಲಿಲ್ಲ. ಅಲ್ಲಿನ ಬೇಟೆಗಾರರಿಗೆ ಇದು ಗೊತ್ತು, ಬೇಕಾದ ಪ್ರಾಣಿಗಾಗಿ ನದಿ ದಾಟಿಯೇ ಹೋಗುತ್ತಿದ್ದರು. ಉಗಮದ ಹತ್ತಿರ ನದಿ ಕಿರಿದಾದಲ್ಲಿ ಗಡಿಯೂ ಅಳಿಯುತ್ತದೆ. ಚೀಟಿಯಲ್ಲಿ ದಡ ಬರೆಯದಿದ್ದರೆ ಇದ್ಯಾವುದೂ ಹೊಳೆಯುವುದೇ ಇಲ್ಲ. ಚರ್ಮ, ಎಲುಬು ಎಷ್ಟೇ ಚೆನ್ನಾಗಿ ಉಳಿದಿರಲಿ, ಕಳೆದುಹೋದ ಜಾಗವನ್ನು ಆಮೇಲೆ ಅದರಿಂದ ಹೊರಡಿಸಲಾಗದು. ಗ್ಯಾಲಪಗೊಸ್ ದ್ವೀಪಗಳಲ್ಲಿ ಡಾರ್ವಿನ್ನೇ ಫಿಂಚ್ ಎಂಬ ಪುಟ್ಟ ಹಕ್ಕಿಗಳನ್ನು ದ್ವೀಪವಾರು ಬೇರ್ಪಡಿಸದೆ ಬೆರೆಸಿದ್ದ. ಆಮೇಲೆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತಿತರರ ಸಂಗ್ರಹ ತಡಕಬೇಕಾಯಿತು.

1854ರಿಂದ 1862ರವರೆಗೆ ಮಲಯ ದ್ವೀಪಗಳಲ್ಲಿ ಆತ ಕೂಡಿಸಿದ್ದು 1,25,660 ಮಾದರಿ, ಅದರಲ್ಲಿ 80,000ಕ್ಕೂ ಮೇಲೆ ಜೀರುಂಡೆಗಳು. 1856ರಲ್ಲಿ ಬಾಲಿಯಿಂದ ಕಿರಿದಾದ ಜಲಸಂಧಿ ದಾಟಿ ಲೊಂಬೊಕ್‌ಗೆ ಬಂದಾಗ ಹಕ್ಕಿಗಳೇ ಬೇರೆಯಾದವು, ಆಸ್ಟ್ರೇಲಿಯಾ ಕಡೆಯ ಗಿಳಿಯಾದ ಕಾಕಟೂ ಕಾಣಿಸಿತು. ನೀರಿನ ಆಚೆ ಈಚೆ ಎಂದು ನೋಡುವ ಕಣ್ಣು ಅಮೆಜಾನಿನಲ್ಲೇ ಪಳಗಿತ್ತು. ಏಷ್ಯಾ ಕಡೆಯ ಪ್ರಾಣಿಗಳನ್ನೂ ಆಸ್ಟ್ರೇಲಿಯಾ ಕಡೆಯವನ್ನೂ ಬೇರ್ಪಡಿಸುವ, ಈ ಜಲಸಂಧಿಯಲ್ಲಿ ಹಾದುಹೋಗುವ ಗೆರೆಗೆ ವ್ಯಾಲೇಸ್ ಗೆರೆ ಎನ್ನುತ್ತಾರೆ; ನನ್ನ ಮಟ್ಟಿಗೆ ಕೋತಿ ಪ್ರಬಂಧವಿಲ್ಲದೆ ಅದು ಅರ್ಥವಾಗದು.

ಆ ದ್ವೀಪಗಳ ಬಗ್ಗೆ ಆತ ಬರೆದ ಪುಸ್ತಕ ‘ಮಲಯ ಆರ್ಕಿಪೆಲಗೊ’ (1869) ಓದುವಾಗ ಒಂದು ಎಚ್ಚರ: ಅಧ್ಯಾಯಗಳು ದ್ವೀಪಸಮೂಹಗಳ ಪ್ರಕಾರ ಇವೆ, ಕಾಲಕ್ರಮದಲ್ಲಿಲ್ಲ. 1861ರ ಜಾವಾ, 1856ರ ಬಾಲಿಗಿಂತ ಮೊದಲೇ ಬರುತ್ತದೆ. ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಇಸವಿವಾರು ಪಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೆ ಯಾವ ವಿಚಾರ ಯಾವುದರ ನಂತರ ಹೊಳೆಯಿತು ಎಂಬುದೇ ತಿರುವುಮುರುವಾಗುತ್ತದೆ.