ನ್ಯೂಜೆರ್ಸಿಯ ಧಾರ್ಮಿಕ ವಿನಾಯಿತಿ ಪತ್ರವನ್ನು ಸ್ಯಾನ್ ಹೋಸೆ ಶಾಲೆ ಒಪ್ಪದಿದ್ದರೆ
ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದ ಮೇಲೆ, ಶಾಲೆಗೆ ಬೇಕಾದ ಲಸಿಕೆಗಳಿಂದ ಮಗುವಿಗೆ ಧಾರ್ಮಿಕ ವಿನಾಯಿತಿ ಕೋರುವ ಪತ್ರವನ್ನು ಶಾಲೆ ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಪತ್ರದಲ್ಲಿ ದೋಷವಿಲ್ಲ, ರಾಜ್ಯ ಬದಲಾಗಿದೆ ಅಷ್ಟೆ. ನ್ಯೂಜೆರ್ಸಿಯಲ್ಲಿ ಪೋಷಕರು ಸಹಿ ಮಾಡಿಕೊಟ್ಟರೆ ನಡೆಯುತ್ತದೆ. ಕ್ಯಾಲಿಫೋರ್ನಿಯಾ 2016ರಿಂದ ಧರ್ಮ, ವೈಯಕ್ತಿಕ ನಂಬಿಕೆ ಎರಡರ ವಿನಾಯಿತಿಯನ್ನೂ ನಿಲ್ಲಿಸಿದೆ. ಖಾಸಗಿ ಶಾಲೆಗೂ ಇದೇ ನಿಯಮ. ನೋಟರಿ ಮಾಡಿಸಿ ದುಡ್ಡು ಕಳೆಯಬೇಡಿ.

ಬೆಂಗಳೂರಿನಲ್ಲಿ ಒಂದಷ್ಟು ಲಸಿಕೆ ಆಗಿದೆ ಅಂದಿದ್ದೀರಿ. ಮೊದಲು ಆ ತಾಯಿ ಕಾರ್ಡ್ ಹುಡುಕಿ ಮಕ್ಕಳ ವೈದ್ಯರಿಗೆ ತೋರಿಸಿ. ತಾರೀಖು ಸ್ಪಷ್ಟವಾಗಿದ್ದರೆ ಆ ಡೋಸುಗಳೂ ಲೆಕ್ಕಕ್ಕೆ ಬರುತ್ತವೆ. ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ದಡಾರದಲ್ಲಿ: ನಮ್ಮಲ್ಲಿ 9 ತಿಂಗಳಿಗೆ ಹಾಕುವ ಎಂ.ಆರ್. (ದಡಾರ-ರುಬೆಲ್ಲಾ ಲಸಿಕೆ) ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಕ್ಕಿಲ್ಲ, ಮೊದಲ ಹುಟ್ಟುಹಬ್ಬದ ನಂತರದ ಎರಡು ಡೋಸು ಬೇಕು. ಚಿಕನ್‌ಪಾಕ್ಸ್ ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ, ಅದಕ್ಕೂ ಎರಡು. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆ), ಚಿಕನ್‌ಪಾಕ್ಸ್ ಒಂದೇ ದಿನ ಹಾಕಿಸಿ. ತಪ್ಪಿದರೆ ಎರಡರ ನಡುವೆ 28 ದಿನ ಕಾಯಬೇಕು. ಸದ್ಯ ಬಾಕಿಯಿರುವ ಡೋಸು ಮುಗಿದರೆ, ಮುಂದಿನದಕ್ಕೆ ಗಡುವು ಹಾಕಿ ಷರತ್ತಿನ ಪ್ರವೇಶ ಕೊಡುತ್ತಾರೆ.

ವೈದ್ಯಕೀಯ ಕಾರಣವಿದ್ದರೆ ವೈದ್ಯರೇ ಕ್ಯಾಲಿಫೋರ್ನಿಯಾ ಸರ್ಕಾರದ ವೈದ್ಯಕೀಯ ವಿನಾಯಿತಿ ಜಾಲತಾಣವಾದ ಕೇರ್-ಎಂಇ (CAIR-ME)ಯಲ್ಲಿ ಅರ್ಜಿ ತುಂಬಬೇಕು. ಲೆಟರ್‌ಹೆಡ್ ಚೀಟಿ 2021ರಿಂದ ನಡೆಯದು. ಲಸಿಕೆ ಬೇಡವೇ ಬೇಡ ಎಂದಾದರೆ ಉಳಿಯುವುದು ಮನೆಯಲ್ಲೇ ಕಲಿಸುವುದು ಅಥವಾ ತರಗತಿಗೆ ಹೋಗದ ಸ್ವತಂತ್ರ ಅಧ್ಯಯನ.

ಮಗು ಯಾವ ತರಗತಿ ಅಂತ ಬರೆದಿಲ್ಲ. 7ನೆಯದೋ ಅದಕ್ಕಿಂತ ಮೇಲಿನದೋ ಆದರೆ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮಿನ ಲಸಿಕೆ) ಕೂಡ ಹಾಕಿಸಿ.