ಟೆಲಿಸ್ಕೋಪಿಗೆ ಒಳ್ಳೆಯ ಮಿರರ್ ಡಯಾಗನಲ್ ಆರಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನಿಮ್ಮಲ್ಲಿ 102 ಮಿ.ಮೀ. ವ್ಯಾಸದ, 714 ಮಿ.ಮೀ. ಸಂಗಮದೂರದ, ಅಂದರೆ ಎಫ್/7 (ಸಂಗಮದೂರ ವ್ಯಾಸದ 7 ಪಟ್ಟು ಇರುವ) ರಿಫ್ರ್ಯಾಕ್ಟರ್, ಎಂದರೆ ಮಸೂರದ ದೂರದರ್ಶಕ ಇದೆ. ಅದರ ಜೊತೆಗೇ ಬಂದ ಪ್ಲಾಸ್ಟಿಕ್ ಕವಚದ 1.25 ಇಂಚಿನ ಡಯಾಗನಲ್ (ಬೆಳಕನ್ನು 90 ಡಿಗ್ರಿ ತಿರುಗಿಸಿ ಐಪೀಸಿಗೆ, ಅಂದರೆ ಕಣ್ಣಿಡುವ ಮಸೂರಕ್ಕೆ, ಕಳಿಸುವ ಕನ್ನಡಿಯಿರುವ ತುಂಡು) ಹಾಕಿ ಹೆಚ್ಚಿನ ವರ್ಧನೆಯಲ್ಲಿ ನೋಡಿದರೆ ನಕ್ಷತ್ರಗಳು ದುಂಡಗಿರದೆ ಉದ್ದುದ್ದವಾಗಿ ಕಾಣುತ್ತಿವೆ. ಮಾರುವವರು ಶೇಕಡಾ 99ರಷ್ಟು ಬೆಳಕನ್ನು ಪ್ರತಿಫಲಿಸುವ 2 ಇಂಚಿನ ಡೈಎಲೆಕ್ಟ್ರಿಕ್ (ಲೋಹವಿಲ್ಲದ ಪದರಗಳ ಲೇಪದ) ಡಯಾಗನಲ್ ಕೊಳ್ಳಲು ಹೇಳುತ್ತಿದ್ದಾರೆ. ಅದರಿಂದ ಬಿಂಬ ಸುಧಾರಿಸುತ್ತದೆಯೇ, ಕನ್ನಡಿಯ ಬದಲು ಪ್ರಿಸಂ ಇರುವುದನ್ನು ಕೊಳ್ಳುವುದು ಮೇಲೇ, ಮುಂದೆ 8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ (ಕನ್ನಡಿಗಳೂ ಮಸೂರವೂ ಇರುವ ಗಿಡ್ಡ ದೂರದರ್ಶಕ) ಕೊಂಡಾಗ ಅದಕ್ಕೂ ಇದೇ ಸಾಲುತ್ತದೆಯೇ ಎಂದು ಕೇಳಿದ್ದೀರಿ.

ಸುಧಾರಿಸುವ ಸಾಧ್ಯತೆ ಇದೆ. ಆದರೆ ಸುಧಾರಿಸಿದರೆ ಅದಕ್ಕೆ ಕಾರಣ ಆ 99 ಆಗಿರುವುದಿಲ್ಲ. ಕನ್ನಡಿ ನಿಜಕ್ಕೂ ಸಪಾಟಾಗಿದೆಯೇ, ಅದನ್ನು ಹಿಂಡದಂತೆ, ಸರಿಯಾಗಿ 45 ಡಿಗ್ರಿ ಕೋನದಲ್ಲಿ ಕೂರಿಸಿದ್ದಾರೆಯೇ, ಐಪೀಸನ್ನು ಹಿಡಿಯುವ ಕುತ್ತಿಗೆ ಗಟ್ಟಿಮುಟ್ಟಾಗಿದೆಯೇ ಎಂಬ ಮೂರು ಸಂಗತಿಗಳಿಗೆ ಹಣ ಕೊಡಿ. ಪ್ರತಿಫಲನದ ಶೇಕಡಾವಾರು ಅವುಗಳ ನಂತರ ಬರುತ್ತದೆ.

ಆದರೆ ಹಣ ತೆಗೆಯುವ ಮುನ್ನ ದೋಷ ಡಯಾಗನಲ್‌ನದೇ ಎಂದು ಖಚಿತಪಡಿಸಿಕೊಳ್ಳಿ. ನಕ್ಷತ್ರ ಉದ್ದವಾಗಿ ಕಾಣುವುದು ಸಾಮಾನ್ಯವಾಗಿ ಅಸ್ಟಿಗ್ಮ್ಯಾಟಿಸಂ ಎಂಬ, ಬೇರೆ ಬೇರೆ ದಿಕ್ಕಿನ ಬೆಳಕು ಒಂದೇ ಕಡೆ ಕೂಡದ ದೋಷದಿಂದ. ಅದು ವಸ್ತುಮಸೂರದಲ್ಲಿ (ದೂರದರ್ಶಕದ ಮುಂದಿನ ದೊಡ್ಡ ಮಸೂರದಲ್ಲಿ), ಡಯಾಗನಲ್‌ನಲ್ಲಿ, ಐಪೀಸಿನಲ್ಲಿ ಅಥವಾ ನಿಮ್ಮ ಕಣ್ಣಿನಲ್ಲೇ ಇರಬಹುದು. ದೂರದರ್ಶಕವನ್ನು ಮುಕ್ಕಾಲು ಗಂಟೆಯಾದರೂ ಹೊರಗೆ ಇಟ್ಟು ತಣಿಯಲು ಬಿಡಿ. ಅನಂತರ ಆಕಾಶದಲ್ಲಿ ಸಾಕಷ್ಟು ಮೇಲಿರುವ, ಎರಡನೆಯ ಕಾಂತಿಮಾನದ (ನಕ್ಷತ್ರದ ಹೊಳಪಿನ ಅಳತೆ) ಆಸುಪಾಸಿನ ಒಂದು ನಕ್ಷತ್ರವನ್ನು 5 ಮಿ.ಮೀ. ಐಪೀಸಿನಲ್ಲಿ, ಅಂದರೆ ನಿಮ್ಮ ದೂರದರ್ಶಕದಲ್ಲಿ ಸುಮಾರು 143 ಪಟ್ಟು ವರ್ಧನೆಯಲ್ಲಿ, ದೃಷ್ಟಿಕ್ಷೇತ್ರದ ನಡುವಿಗೆ ತನ್ನಿ. ಫೋಕಸನ್ನು ಕೊಂಚ ಒಳಕ್ಕೆ ತಿರುಗಿಸಿದಾಗ ಮೂಡುವ ಬೆಳಕಿನ ಬಿಲ್ಲೆ ಒಂದು ದಿಕ್ಕಿಗೆ ಚಾಚಿಕೊಂಡಿದ್ದು, ಸರಿಯಾದ ಫೋಕಸನ್ನು ದಾಟಿ ಅಷ್ಟೇ ಹೊರಕ್ಕೆ ತಿರುಗಿಸಿದಾಗ ಅದಕ್ಕೆ ಅಡ್ಡಲಾದ ದಿಕ್ಕಿಗೆ ಚಾಚಿಕೊಂಡರೆ ಅಸ್ಟಿಗ್ಮ್ಯಾಟಿಸಂ ಇದೆ ಎಂದು ತಿಳಿಯಬೇಕು.

ಈಗ ಒಂದೊಂದನ್ನೇ ತಿರುಗಿಸಿ ನೋಡಿ. ಕೂತಲ್ಲೇ ತಲೆಯನ್ನು ಓರೆ ಮಾಡಿದಾಗ ಬಿಲ್ಲೆಯ ಚಾಚು ತಲೆಯ ಜೊತೆಗೆ ತಿರುಗಿದರೆ ದೋಷ ಕಣ್ಣಿನದು. ಐಪೀಸನ್ನು ಮಾತ್ರ ಅದರ ಕುತ್ತಿಗೆಯಲ್ಲಿ ತಿರುಗಿಸಿದಾಗ ಚಾಚು ಅದರೊಡನೆ ಹೋದರೆ ಐಪೀಸಿನದು. ಇವೆರಡೂ ಅಲ್ಲವೆಂದಾದ ಮೇಲೆ ಡಯಾಗನಲ್ಲನ್ನು ಫೋಕಸರಿನಲ್ಲಿ (ಫೋಕಸ್ ಮಾಡಲು ಒಳಹೊರಗೆ ಸರಿಯುವ ಕೊಳವೆಯಲ್ಲಿ) ಕಾಲು ಸುತ್ತು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು, ಚಾಚಿನ ದಿಕ್ಕನ್ನು ಡಯಾಗನಲ್‌ನ ಕವಚಕ್ಕೆ ಹೋಲಿಸಿ ಗಮನಿಸಿ. ಕವಚಕ್ಕೂ ಚಾಚಿಗೂ ಇದ್ದ ಸಂಬಂಧ ಮೊದಲಿನಂತೆಯೇ ಉಳಿದಿದ್ದರೆ ದೋಷ ಡಯಾಗನಲ್‌ನಲ್ಲಿದೆ; ಬದಲಾಗಿದ್ದರೆ ವಸ್ತುಮಸೂರದಲ್ಲಿದೆ, ಎಷ್ಟೇ ದುಬಾರಿ ಡಯಾಗನಲ್ ಕೊಂಡರೂ ಅದು ಹೋಗುವುದಿಲ್ಲ. ಇನ್ನೂ ಅನುಮಾನವಿದ್ದರೆ ಡಯಾಗನಲ್ಲನ್ನು ತೆಗೆದು, ಒಂದು ವಿಸ್ತರಣಾ ನಳಿಕೆಯ ಮೂಲಕ ಐಪೀಸನ್ನು ನೇರವಾಗಿ ಜೋಡಿಸಿ ನೋಡುವುದಕ್ಕಿಂತ ನಿರ್ಣಾಯಕವಾದ ಪರೀಕ್ಷೆ ಬೇರೆ ಇಲ್ಲ. ಕುತ್ತಿಗೆ ನೋಯುತ್ತದೆ ಎಂಬುದು ಬೇರೆ ಮಾತು.

ಕನ್ನಡಿಯ ಸಪಾಟುತನವನ್ನು ತಯಾರಕರು ಬೆಳಕಿನ ತರಂಗದೂರದ ಭಾಗಗಳಲ್ಲಿ ಹೇಳುತ್ತಾರೆ: 1/4 ತರಂಗ, 1/10 ತರಂಗ ಎಂದು. ಟೆಲಿ ವ್ಯೂ ಕಂಪನಿ ತನ್ನ ಎವರ್‌ಬ್ರೈಟ್ ಡಯಾಗನಲ್‌ಗೆ 1/10 ತರಂಗದ ಸಪಾಟುತನವನ್ನು ಹೇಳಿಕೊಳ್ಳುವುದು ಇದೇ ಅರ್ಥದಲ್ಲಿ. ಬೆಳಕು ಕನ್ನಡಿಗೆ ನೇರವಾಗಿ ಬಡಿದು ಹಿಂದಿರುಗಿದರೆ ಮೇಲ್ಮೈಯ ದೋಷ ತರಂಗಮುಖದಲ್ಲಿ, ಅಂದರೆ ಬೆಳಕಿನ ಅಲೆಯ ಆಕಾರದಲ್ಲಿ, ಇಮ್ಮಡಿಯಾಗುತ್ತದೆ. 45 ಡಿಗ್ರಿಯಲ್ಲಿ ಬಡಿದಾಗ ಸುಮಾರು 1.4 ಪಟ್ಟು ಆಗುತ್ತದೆ. ಹಾಗಾಗಿ ಮೇಲ್ಮೈಯಲ್ಲಿ 1/10 ಇದ್ದದ್ದು ಬಿಂಬಕ್ಕೆ ಬರುವಾಗ ಸುಮಾರು 1/7 ಆಗಿರುತ್ತದೆ. ಇಡೀ ವ್ಯವಸ್ಥೆಯ ಒಟ್ಟು ದೋಷ 1/4 ತರಂಗವನ್ನು ಮೀರಬಾರದು ಎಂಬ ಭೌತವಿಜ್ಞಾನಿ ರೇಲಿಯ ಹಳೆಯ ಸೂತ್ರದೊಡನೆ ಇದನ್ನು ಇಟ್ಟು ನೋಡಿದರೆ ಗಾಬರಿಯಾಗಬಹುದು. ಆದರೆ ಇಲ್ಲಿ ಇನ್ನೊಂದು ಸಂಗತಿ ನಿಮ್ಮ ಪರವಾಗಿದೆ. ಡಯಾಗನಲ್ ಇರುವುದು ಬೆಳಕಿನ ಶಂಕು ಕಿರಿದಾಗುತ್ತ ಬಂದು ಬಹುತೇಕ ಮುಗಿಯುವ ಜಾಗದಲ್ಲಿ. ನಾಭಿಗಿಂತ (ಬೆಳಕು ಕೂಡಿ ಬಿಂಬ ಮೂಡುವ ಬಿಂದುವಿಗಿಂತ) 55 ಮಿ.ಮೀ. ಮೊದಲು ಕನ್ನಡಿ ಇದೆ ಎಂದುಕೊಂಡರೆ ಎಫ್/7ರಲ್ಲಿ ಅಲ್ಲಿ ಒಂದು ನಕ್ಷತ್ರದ ಬೆಳಕು ಹರಡಿರುವುದು ಕೇವಲ 8 ಮಿ.ಮೀ. ಅಗಲಕ್ಕೆ, ಓರೆಯ ದಿಕ್ಕಿನಲ್ಲಿ 11 ಮಿ.ಮೀ. ಉದ್ದಕ್ಕೆ. ಇಡೀ ಕನ್ನಡಿಯಲ್ಲಿ ಅಷ್ಟಿಷ್ಟು ಉಬ್ಬುತಗ್ಗಿದ್ದರೂ ಆ ಪುಟ್ಟ ತುಣುಕು ಚೆನ್ನಾಗಿದ್ದರೆ ನಡುವಿನ ನಕ್ಷತ್ರ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ 1/10 ಮತ್ತು 1/12ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಹಾಗಿದ್ದರೂ ಕೆಲವು ಅಗ್ಗದ ಡಯಾಗನಲ್‌ಗಳು ಬಿಂಬವನ್ನು ಕೆಡಿಸುವುದೇಕೆ? ಕನ್ನಡಿ ಒಟ್ಟಾರೆಯಾಗಿ ಬಾಗಿದಾಗ. 45 ಡಿಗ್ರಿಯಲ್ಲಿ ನಿಂತ ಕನ್ನಡಿ ಚೂರು ಉಬ್ಬಾಗಿದ್ದರೂ ತಗ್ಗಾಗಿದ್ದರೂ ಅದರ ಫಲ ಬರಿಯ ಫೋಕಸಿನ ಬದಲಾವಣೆಯಾಗಿ ಮುಗಿಯದೆ ಅಸ್ಟಿಗ್ಮ್ಯಾಟಿಸಂ ಆಗಿ ಕಾಣಿಸಿಕೊಳ್ಳುತ್ತದೆ. ತೆಳುವಾದ ಗಾಜನ್ನು ತಗಡಿನ ಹಿಡಿಕೆಯೊಂದು ಬಿಗಿಯಾಗಿ ಅದುಮಿದ್ದರೆ, ಅಂಟು ಒಣಗುತ್ತ ಗಾಜನ್ನು ಎಳೆದಿದ್ದರೆ, ಕವಚದ ತಿರುಪುಗಳನ್ನು ಅತಿಯಾಗಿ ಬಿಗಿದಿದ್ದರೆ ಹೀಗಾಗುತ್ತದೆ. ಕೊಳ್ಳುವಾಗ ಗಾಜು ದಪ್ಪಗಿದೆಯೇ ಎಂದು ನೋಡಬೇಕಾದದ್ದು ಈ ಕಾರಣಕ್ಕೆ. ಡೈಎಲೆಕ್ಟ್ರಿಕ್ ಲೇಪವಿದ್ದರೆ ದಪ್ಪ ಗಾಜು ಇನ್ನೂ ಮುಖ್ಯ, ಏಕೆಂದರೆ ಒಂದರ ಮೇಲೊಂದು ಕೂರಿಸಿದ ಪದರಗಳು ತಮ್ಮ ಬಿಗುವಿನಿಂದಲೇ ತೆಳು ಗಾಜನ್ನು ಬಾಗಿಸಬಲ್ಲವು.

ಈಗ ಆ 99ರ ಮಾತು. ಸಾಧಾರಣ ಅಲ್ಯೂಮಿನಿಯಂ ಲೇಪ ಕಣ್ಣಿಗೆ ಕಾಣುವ ಬೆಳಕಿನ ಶೇಕಡಾ 88ರಿಂದ 90ರಷ್ಟನ್ನು ಪ್ರತಿಫಲಿಸುತ್ತದೆ. ಮೇಲೆ ಹೆಚ್ಚುವರಿ ಪದರಗಳಿರುವ ಅಲ್ಯೂಮಿನಿಯಂ ಶೇಕಡಾ 95ರ ಆಸುಪಾಸಿಗೆ ಹೋಗುತ್ತದೆ. ಡೈಎಲೆಕ್ಟ್ರಿಕ್ ಲೇಪ 99 ಮುಟ್ಟುತ್ತದೆ. ಡೈಎಲೆಕ್ಟ್ರಿಕ್‌ನಲ್ಲಿ ಲೋಹವೇ ಇಲ್ಲ. ಹೆಚ್ಚು ಮತ್ತು ಕಡಿಮೆ ವಕ್ರೀಭವನಾಂಕದ ಪದಾರ್ಥಗಳ ಪದರಗಳು ಒಂದಾದ ಮೇಲೊಂದು ಇದ್ದು, ಪ್ರತಿ ಪದರದಿಂದ ಹಿಂದಿರುಗುವ ಬೆಳಕು ಒಂದಕ್ಕೊಂದು ಕೂಡಿಕೊಳ್ಳುವಂತೆ ಅವುಗಳ ದಪ್ಪವನ್ನು ಹೊಂದಿಸಿರುತ್ತಾರೆ. 90ರಿಂದ 99ಕ್ಕೆ ಏರಿದರೆ ಕಣ್ಣಿಗೆ ಸಿಗುವ ಲಾಭ ಸುಮಾರು 0.1 ಕಾಂತಿಮಾನ. ನಕ್ಷತ್ರಗಳ ಹೊಳಪನ್ನು ಅಂದಾಜು ಮಾಡಿ ಪಳಗಿದವರಿಗೂ 0.1 ವ್ಯತ್ಯಾಸವನ್ನು ಗುರುತಿಸುವುದು ಕಷ್ಟ. ಆಕಾಶದಲ್ಲಿ ತೆಳುವಾದ ಮಂಜೊಂದು ಸುಳಿದರೆ ಇದಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಆದರೂ ನಾನು ಡೈಎಲೆಕ್ಟ್ರಿಕ್ ಕನ್ನಡಿಯನ್ನೇ ಬಳಸುತ್ತೇನೆ, ಅದು ಬಾಳಿಕೆಯ ಕಾರಣಕ್ಕೆ. ಆ ಲೇಪ ಗಟ್ಟಿಯಾದದ್ದು, ಲೋಹದಂತೆ ಗಾಳಿಗೆ ಮಂಕಾಗುವುದಿಲ್ಲ, ಇಬ್ಬನಿ ಕೂತು ಒಣಗಿದ ಕಲೆಯನ್ನು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಮೆಲ್ಲಗೆ ಒರೆಸಿದರೂ ಅಲ್ಯೂಮಿನಿಯಂನಷ್ಟು ಬೇಗ ಗೀರು ಬೀಳುವುದಿಲ್ಲ. ಬೆಳ್ಳಿಯ ಲೇಪವೂ ಅಲ್ಯೂಮಿನಿಯಂಗಿಂತ ಹೆಚ್ಚು ಪ್ರತಿಫಲಿಸುತ್ತದೆ. ಆದರೆ ಮೇಲಿನ ರಕ್ಷಣಾ ಪದರ ಚೆನ್ನಾಗಿಲ್ಲದಿದ್ದರೆ ಕಪ್ಪಾಗುತ್ತದೆ.

ಗುರುಗ್ರಹದ ಪಟ್ಟಿಗಳನ್ನು ಅಥವಾ ಹೊಳೆಯುವ ನಕ್ಷತ್ರದ ಪಕ್ಕದ ಮಂಕು ಜೊತೆಗಾರನನ್ನು ನೋಡುವವರಿಗೆ ಪ್ರತಿಫಲಿಸಿದ ಬೆಳಕಿಗಿಂತ ಚದುರಿದ ಬೆಳಕೇ ಹೆಚ್ಚು ಮುಖ್ಯ. ಇದರಲ್ಲಿ ಒಂದು ಪಾಲು ಕನ್ನಡಿಯ ಮೇಲ್ಮೈಯ ನುಣುಪಿನಿಂದ, ದೂಳಿನಿಂದ ಬಂದರೆ, ಇನ್ನೊಂದು ಪಾಲು ಕವಚದ ಒಳಗೋಡೆಯಿಂದ ಬರುತ್ತದೆ. ಹಗಲಿನಲ್ಲಿ ಐಪೀಸ್ ತೆಗೆದು, ಡಯಾಗನಲ್‌ನ ಮೂತಿಯನ್ನು (ಫೋಕಸರಿನೊಳಗೆ ಕೂರುವ ತುದಿಯನ್ನು) ಬೆಳಕಿನ ಕಡೆಗೆ ಹಿಡಿದು ಒಳಗೆ ಇಣುಕಿ ನೋಡಿ. ನಡುವಿನ ಬೆಳಕಿನ ವೃತ್ತದ ಸುತ್ತ ಬೂದು ಬಣ್ಣದ ಹೊಳಪಿನ ಬಳೆಗಳು ಕಂಡರೆ ಒಳಗೆ ಕಪ್ಪು ಬಣ್ಣ ಸರಿಯಾಗಿ ಕೂತಿಲ್ಲ. ರಾತ್ರಿ ಚಂದ್ರನನ್ನು ದೃಷ್ಟಿಕ್ಷೇತ್ರದ ಅಂಚಿನಿಂದ ಸ್ವಲ್ಪ ಹೊರಗಿಟ್ಟಾಗ ಒಳಗೆ ಮಸುಕು ಬೆಳಕು ನುಗ್ಗುವುದೂ ಇದರದೇ ಲಕ್ಷಣ.

ಕೋನ ತಪ್ಪಿದರೆ ಬಿಂಬ ಕೆಡುವುದು ಅಪರೂಪ, ತಾಳ್ಮೆ ಕೆಡುವುದು ಖಂಡಿತ. ಕನ್ನಡಿ 1 ಡಿಗ್ರಿ ವಾಲಿದ್ದರೆ ಬೆಳಕು 2 ಡಿಗ್ರಿ ಓರೆಯಾಗಿ, ನಾಭಿಯ ಹತ್ತಿರ ಸುಮಾರು 2 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ನಿಮ್ಮ ದೂರದರ್ಶಕದಲ್ಲಿ ಇದು ಆಕಾಶದ 9 ನಿಮಿಷ ಕೋನಕ್ಕೆ ಸಮ (60 ನಿಮಿಷ ಸೇರಿದರೆ 1 ಡಿಗ್ರಿ). ಮೇಲೆ ಹೇಳಿದ 5 ಮಿ.ಮೀ. ಐಪೀಸಿನಲ್ಲಿ ಕಣ್ಣಿಗೆ ಕಾಣುವ ವೃತ್ತದ ಅಗಲ 50 ಡಿಗ್ರಿ ಆಗಿದ್ದರೆ ಅದರ ಇಡೀ ದೃಷ್ಟಿಕ್ಷೇತ್ರವೇ ಸುಮಾರು 21 ನಿಮಿಷ. ಅಂದರೆ ನಡುವಿನಲ್ಲಿದ್ದ ನಕ್ಷತ್ರ, ನೋಡಲು ಅನುಕೂಲವಾಗಲೆಂದು ಡಯಾಗನಲ್ಲನ್ನು ಅರ್ಧ ಸುತ್ತು ತಿರುಗಿಸಿದೊಡನೆ ಕಣ್ಮರೆಯಾಗುತ್ತದೆ. ಹೊಸದನ್ನು ಕೊಂಡ ದಿನವೇ ಈ ಪರೀಕ್ಷೆ ಮಾಡಿ. ನಕ್ಷತ್ರ ಹೊರಗೆ ಹೋಗುವಷ್ಟು ಸರಿದರೆ ಹಿಂದಿರುಗಿಸಿ. ತಿರುಗಿಸುವಾಗ ಫೋಕಸರೇ ಸಡಿಲವಾಗಿ ಅಲುಗುತ್ತಿಲ್ಲ ಎಂಬುದನ್ನು ಮೊದಲು ನೋಡಿಕೊಳ್ಳಿ.

2 ಇಂಚು ಬೇಕೇ ಎಂಬುದಕ್ಕೆ ಉತ್ತರ ನೀವು ಏನು ನೋಡುತ್ತೀರಿ ಎಂಬುದರಲ್ಲಿದೆ. 1.25 ಇಂಚಿನ ಐಪೀಸಿನಲ್ಲಿ ಬಿಂಬದ ಅಗಲ ಹೆಚ್ಚೆಂದರೆ 27 ಮಿ.ಮೀ., 2 ಇಂಚಿನದರಲ್ಲಿ 46 ಮಿ.ಮೀ. 714 ಮಿ.ಮೀ. ಸಂಗಮದೂರದಲ್ಲಿ ಇವು ಕ್ರಮವಾಗಿ ಆಕಾಶದ ಸುಮಾರು 2.2 ಮತ್ತು 3.7 ಡಿಗ್ರಿಗಳನ್ನು ತೋರಿಸುತ್ತವೆ. ಸುಮಾರು 2 ಡಿಗ್ರಿ ಹರಡಿರುವ ಕೃತ್ತಿಕೆಯನ್ನು ಸುತ್ತಲಿನ ಕತ್ತಲೆಯೊಡನೆ, ಆಂಡ್ರೊಮೆಡಾ ಗ್ಯಾಲಕ್ಸಿಯನ್ನು ತುದಿಯಿಂದ ತುದಿಯವರೆಗೆ ನೋಡುವ ಆಸೆಯಿದ್ದರೆ 2 ಇಂಚು ಸಾರ್ಥಕ. ಗ್ರಹಗಳು ಮತ್ತು ಜೋಡಿ ನಕ್ಷತ್ರಗಳಷ್ಟೇ ಸಾಕೆನ್ನುವವರಿಗೆ ಅದರಿಂದ ದೃಷ್ಟಿಯ ಲಾಭವಿಲ್ಲ, ಲೋಹದ ಕವಚದ ಗಟ್ಟಿತನವಷ್ಟೇ ಲಾಭ. ಆದರೆ ಫೋಕಸರಿನಲ್ಲಿ ಜಾಗ ಉಂಟೇ ಎಂದು ಅಳೆಯಿರಿ. 1.25 ಇಂಚಿನ ಡಯಾಗನಲ್‌ನೊಳಗೆ ಬೆಳಕು ಸುಮಾರು 70 ಮಿ.ಮೀ. ಸಾಗಿದರೆ 2 ಇಂಚಿನದರಲ್ಲಿ ಸುಮಾರು 110 ಮಿ.ಮೀ. ಸಾಗುತ್ತದೆ. ಈಗಿನ ಡಯಾಗನಲ್‌ನಲ್ಲಿ ಚಂದ್ರನಿಗೆ ಫೋಕಸ್ ಮಾಡಿ, ಫೋಕಸರಿನ ಕೊಳವೆ ಇನ್ನೂ ಎಷ್ಟು ಒಳಕ್ಕೆ ಹೋಗಬಲ್ಲುದು ಎಂದು ಸ್ಕೇಲಿನಿಂದ ನೋಡಿ, 45 ಮಿ.ಮೀ. ಇಲ್ಲದಿದ್ದರೆ 2 ಇಂಚಿನದು ಫೋಕಸ್ಸಿಗೇ ಬಾರದಿರಬಹುದು. ಐಪೀಸ್ ಹಿಡಿಯುವ ತಿರುಪು ನೇರವಾಗಿ ಐಪೀಸಿಗೆ ಒತ್ತದೆ ಹಿತ್ತಾಳೆಯ ಬಳೆಯೊಂದನ್ನು ಬಿಗಿಸುವಂತಿದ್ದರೆ ಒಳ್ಳೆಯದು. ಅರ್ಧ ಕಿಲೋ ಮೀರುವ ಐಪೀಸುಗಳಿಗೆ ಎರಡು ತಿರುಪು ಇರಲಿ.

ಹೆಸರಿನ ಬಗ್ಗೆ ಒಂದು ಮಾತು. ತೈವಾನಿನ ಜಿಎಸ್‌ಒ ತಯಾರಿಸುವ ಡಯಾಗನಲ್‌ಗಳೇ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತವೆ. ಎರಡು ಹೆಸರಿನ ಕೆಳಗೆ ಒಂದೇ ಆಕಾರ, ಒಂದೇ ತಿರುಪುಗಳು ಕಂಡರೆ ಹೆಸರಿಗಾಗಿ ಹೆಚ್ಚು ಕೊಡಬೇಡಿ.

ಪ್ರಿಸಂ ಹೀನವೇನಲ್ಲ. ಅದರೊಳಗೆ ಪೂರ್ಣ ಆಂತರಿಕ ಪ್ರತಿಫಲನ ನಡೆಯುವುದರಿಂದ ಮಂಕಾಗುವ ಕನ್ನಡಿಯ ಲೇಪವಿಲ್ಲ, ಚದುರುವಿಕೆಯೂ ಕಡಿಮೆ. ಆದರೆ ಬೆಳಕು ದಪ್ಪ ಗಾಜಿನ ಮೂಲಕ ಹಾಯುವುದರಿಂದ ಶಂಕು ಅಗಲವಾದಷ್ಟೂ ಬಣ್ಣದ ಅಂಚು ಮತ್ತು ಗೋಳೀಯ ದೋಷ ಹೆಚ್ಚುತ್ತವೆ. ಎಫ್/10 ಅಥವಾ ಅದಕ್ಕಿಂತ ಹೆಚ್ಚಿನ ಎಫ್ ಸಂಖ್ಯೆಯ ದೂರದರ್ಶಕಕ್ಕೆ ಪ್ರಿಸಂ ನನ್ನ ಆಯ್ಕೆ, ಎಫ್/7ಕ್ಕೆ ಕನ್ನಡಿ. ಪಕ್ಷಿವೀಕ್ಷಣೆಗೆಂದು ಕೊಡುವ, ಬಿಂಬವನ್ನು ಎಡಬಲ ಅದಲುಬದಲಾಗದಂತೆ ತೋರಿಸುವ ಅಮಿಚಿ ಪ್ರಿಸಂ ಬೇರೆ ಜಾತಿಯದು. ಅದರ ಛಾವಣಿಯಂಥ ಅಂಚು ಹೊಳೆಯುವ ನಕ್ಷತ್ರಗಳಿಗೆ ಅಡ್ಡಗೆರೆ ಮೂಡಿಸುವುದರಿಂದ ರಾತ್ರಿಯ ಕೆಲಸಕ್ಕೆ ಬೇಡ.

8 ಇಂಚಿನ ಷ್ಮಿಟ್-ಕ್ಯಾಸೆಗ್ರೇನ್ ಬಂದಾಗ ಇದೇ 2 ಇಂಚಿನ ಕನ್ನಡಿಯನ್ನು ಅದಕ್ಕೂ ಹಾಕಬಹುದು. ಹಿಂಭಾಗಕ್ಕೆ 2 ಇಂಚಿನ ಅಡಾಪ್ಟರ್ ಬೇಕಾಗುತ್ತದೆ. ಆ ಬಗೆಯ ದೂರದರ್ಶಕದಲ್ಲಿ ಮುಖ್ಯ ಕನ್ನಡಿಯನ್ನೇ ಸರಿಸಿ ಫೋಕಸ್ ಮಾಡುವುದರಿಂದ ಜಾಗದ ಕೊರತೆಯಾಗದು, ಆದರೆ ಹಿಂದಿನ ದಾರಿ ಉದ್ದವಾದಷ್ಟೂ ಸಂಗಮದೂರ ಹೆಚ್ಚುತ್ತ ಹೋಗುತ್ತದೆ. ಅದಕ್ಕಾಗಿಯೇ ನೇರವಾಗಿ ಹಿಂಭಾಗದ ತಿರುಪಿನ ಮರೆಗೆ (ಥ್ರೆಡ್‌ಗೆ) ತಿರುಪಿ ಕೂರಿಸುವ ಡಯಾಗನಲ್‌ಗಳು ಬರುತ್ತವೆ. ನೀವು ಈಗ ಕೊಳ್ಳುವ ಡಯಾಗನಲ್‌ನ ಮೂತಿಯನ್ನು ಬಿಚ್ಚಿ ಆ ಮರೆಯ ಭಾಗವನ್ನು ಹಾಕುವಂತಿದ್ದರೆ, ಎರಡನೆಯ ಡಯಾಗನಲ್ ಕೊಳ್ಳುವ ಖರ್ಚು ಉಳಿಯುತ್ತದೆ.