ಹೆಸರಿಲ್ಲದ ಬಾಟಲಿ

ಓದುಗರ ಪತ್ರ, ಸಂಕ್ಷಿಪ್ತವಾಗಿ: ನಾನು ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ನಮ್ಮಲ್ಲಿ ಬಣ್ಣಬಣ್ಣದ ಕಸದ ಬುಟ್ಟಿಗಳನ್ನು ತಂದಿಟ್ಟರು. ಈಗ ಎಲ್ಲ ಬುಟ್ಟಿಗಳ ಕಸವೂ ಒಂದೇ ಟ್ರ್ಯಾಕ್ಟರಿಗೆ ಬೀಳುತ್ತದೆ. ಪ್ರಯೋಗದಲ್ಲಿ ಉಳಿದ ದ್ರಾವಣವನ್ನು ‘ನಲ್ಲಿ ಬಿಟ್ಟು ಸಿಂಕಿಗೆ ಸುರಿಯಿರಿ’ ಎನ್ನುತ್ತಾರೆ. ಇದು ಸರಿಯೇ? ಹೊಣೆ ಯಾರದು? ಹಳೆಯ ಕಪಾಟಿನಲ್ಲಿ ಈಥರ್ ಎಂಬ ದ್ರಾವಕದ ಬಾಟಲಿಯೊಂದಿದ್ದು, ಮುಚ್ಚಳದ ಸುತ್ತ ಬಿಳಿ ಹರಳು ಕಟ್ಟಿದೆ. ಶನಿವಾರ ಅದನ್ನು ಖಾಲಿ ಮಾಡಬೇಕೆಂದಿದ್ದೇನೆ.

ಸಂಪಾದಕರ ಉತ್ತರ:

ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದನ್ನು ಉಳಿದ ಓದುಗರಿಗಾಗಿ ಮತ್ತೆ ಬರೆಯುತ್ತಿದ್ದೇನೆ. ಆ ಬಾಟಲಿಯನ್ನು ಮುಟ್ಟಬೇಡಿ. ಗಾಳಿ ಬೆಳಕು ತಾಗುತ್ತ ವರ್ಷಗಟ್ಟಲೆ ನಿಂತ ಈಥರ್‌ನಲ್ಲಿ ಪೆರಾಕ್ಸೈಡು ಎಂಬ ಸಿಡಿಯುವ ಸಂಯುಕ್ತಗಳು ಹುಟ್ಟಿಕೊಳ್ಳುತ್ತವೆ. ಮುಚ್ಚಳಕ್ಕೆ ಕಚ್ಚಿಕೊಂಡ ಹರಳು ಅದೇ ಆಗಿದ್ದರೆ, ತಿರುಗಿಸುವಾಗಿನ ತಿಕ್ಕಾಟವೇ ಸಿಡಿಯಲು ಸಾಕು. ಕಪಾಟಿಗೆ ಬೀಗ ಹಾಕಿಸಿ, ಹೊರಗೆ ಕನ್ನಡದಲ್ಲಿ ದೊಡ್ಡ ಚೀಟಿ ಅಂಟಿಸಿ, ವಿಭಾಗದ ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ. ಅಗ್ನಿಶಾಮಕ ದಳವನ್ನೂ ಬಾಂಬ್ ನಿಷ್ಕ್ರಿಯ ದಳವನ್ನೂ ಕರೆಸುವುದು ಕುಲಸಚಿವರ ಕೆಲಸ.

ಆ ಬಾಟಲಿಯ ಮೇಲೆ ತೆರೆದ ದಿನಾಂಕ ಇಲ್ಲ, ಯಾರು ತರಿಸಿದರೋ ಗೊತ್ತಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ನನ್ನ ಮಟ್ಟಿಗೆ ರೋಗದ ಮೂಲ ಅಲ್ಲೇ ಇದೆ. ಬುಟ್ಟಿಯ ಬಣ್ಣ ಆಮೇಲಿನ ಮಾತು.

2010ರಲ್ಲಿ ದೆಹಲಿಯ ಗುಜರಿ ಮಾರುಕಟ್ಟೆ ಮಾಯಾಪುರಿಯಲ್ಲಿ ನಡೆದದ್ದನ್ನು ನೆನೆಯಿರಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೆನಡಾದಿಂದ ತರಿಸಿದ ಗಾಮಾ ವಿಕಿರಣ ಯಂತ್ರವೊಂದಿತ್ತು. 1985ರ ನಂತರ ಅದನ್ನು ಯಾರೂ ಬಳಸಿರಲಿಲ್ಲ. ಇಪ್ಪತ್ತೈದು ವರ್ಷ ಮೂಲೆಯಲ್ಲಿ ನಿಂತ ಯಂತ್ರ ಕಚೇರಿಯ ಕಣ್ಣಿಗೆ ಬರೀ ಕಬ್ಬಿಣವಾಯಿತು; ಆ ವರ್ಷದ ಫೆಬ್ರವರಿಯಲ್ಲಿ ಹರಾಜಾಗಿ ಗುಜರಿಗೆ ಹೋಯಿತು. ಗುಜರಿಯವರು ಸೀಸದ ಕವಚ ಬಿಚ್ಚಿದರು. ಒಳಗಿದ್ದದ್ದು ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹ. ಅಂಗಡಿಯವನೊಬ್ಬ ಅದರ ತುಣುಕನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದ. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಏಪ್ರಿಲ್‌ನಲ್ಲಿ ತೀರಿಕೊಂಡ. ಕೋಬಾಲ್ಟ್-60 ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಲೆಕ್ಕ ಹಾಕಿ ನೋಡಿ, 1985ರಲ್ಲಿದ್ದ ವಿಕಿರಣದ ಇಪ್ಪತ್ತೇಳರಲ್ಲಿ ಒಂದು ಪಾಲಷ್ಟೇ ಉಳಿದಿತ್ತು. ಪ್ರಾಣ ತೆಗೆದದ್ದು ಆ ಒಂದು ಪಾಲು. ಇದು ಏನೆಂದು ಬಲ್ಲವರು ದೇಶದಲ್ಲಿ ಇರಲಿಲ್ಲವೇ? ಬೇಕಾದಷ್ಟು ಜನರಿದ್ದರು. ಹರಾಜಿನ ಕಾಗದ ಅವರ ಮೇಜಿಗೆ ಹೋಗಲಿಲ್ಲ, ಅಷ್ಟೆ.

ಇನ್ನು ಸಿಂಕು. ಅಪಾಯಕಾರಿ ಲೋಹವಿಲ್ಲದ, ನೀರು ಬೆರೆಸಿ ತೆಳುವಾಗಿಸಿದ ಆಮ್ಲವನ್ನೋ ಕ್ಷಾರವನ್ನೋ ತಟಸ್ಥಗೊಳಿಸಿ ಬಿಟ್ಟರೆ ನನ್ನ ತಕರಾರಿಲ್ಲ. ಆದರೆ ಲವಣ ವಿಶ್ಲೇಷಣೆಯ ಸೀಸ, ಬೇರಿಯಂಗಳು ಎಷ್ಟು ನೀರು ಬಿಟ್ಟರೂ ಸೀಸ, ಬೇರಿಯಂಗಳೇ. ಸೋಡಿಯಂ ಅಝೈಡ್ ಎಂಬ ವಿಷದ ಲವಣ ಇನ್ನೂ ಕೆಟ್ಟದ್ದು. ಸೀಸ, ತಾಮ್ರದ ಕೊಳವೆಗಳೊಂದಿಗೆ ಕೂಡಿ ಸ್ಫೋಟಕವಾಗುತ್ತದೆ, ವರ್ಷಗಳ ನಂತರ ಪ್ಲಂಬರ್ ಬಂದು ತಟ್ಟುವವರೆಗೆ ಕಾಯುತ್ತದೆ. ನಾನು ಎಂ.ಎಸ್ಸಿ ಓದುವಾಗ ಗಾಜಿನ ಪಾತ್ರೆಗಳನ್ನು ಕ್ರೋಮಿಕ್ ಆಮ್ಲದಲ್ಲಿ ತೊಳೆಯುತ್ತಿದ್ದೆವು. ಕಿತ್ತಳೆ ಬಣ್ಣದ ಆ ನೀರು ಮೋರಿಯವರೆಗೂ ಹರಿಯುವುದನ್ನು ಕಿಟಕಿಯಿಂದ ನೋಡುತ್ತಿದ್ದೆವು. ಅದರಲ್ಲಿರುವುದು ಕ್ಯಾನ್ಸರ್ ತರುವ ಕ್ರೋಮಿಯಂ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆವು! ಆಮ್ಲ ಇರುವಾಗಲೇ ಸೋಡಿಯಂ ಬೈಸಲ್ಫೈಟನ್ನು ನಿಧಾನವಾಗಿ ಬೆರೆಸಿದರೆ ಕಿತ್ತಳೆ ಹೋಗಿ ಹಸಿರಾಗುತ್ತದೆ. ಆಮೇಲೆ ಸುಣ್ಣ ಹಾಕಿದರೆ ಕ್ರೋಮಿಯಂ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ವಿಷಗಾಳಿಯನ್ನು ಹೊರಗೆಳೆಯುವ ಹೊಗೆಗೂಡಿನೊಳಗೆ (ಫ್ಯೂಮ್ ಹುಡ್), ಕೈಗವಸು ಕನ್ನಡಕ ಹಾಕಿಕೊಂಡು ಮಾಡುವ ಕೆಲಸವಿದು. ಆ ಗಸಿಯೂ ಅಪಾಯಕಾರಿ ತ್ಯಾಜ್ಯವೇ, ಆದರೆ ಇಪ್ಪತ್ತು ಲೀಟರ್ ಹೋಗಿ ಒಂದು ಡಬ್ಬಿಯಾಗಿರುತ್ತದೆ. ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಪ್ರಯೋಗವಾಗಿ ಏಕೆ ಕೊಡಬಾರದೋ ನನಗೆ ಇವತ್ತಿಗೂ ತಿಳಿಯದು.

ಸಿಂಕು ಬೇಡವೆಂದು ಎಲ್ಲವನ್ನೂ ಒಂದೇ ಬಾಟಲಿಗೆ ಸುರಿಯುವುದೂ ತಪ್ಪು. ನಾನು ಓದುವಾಗ ನಮ್ಮಲ್ಲಿ ಎರಡೂವರೆ ಲೀಟರಿನ ಕಂದು ಬಾಟಲಿಯೊಂದರ ಮೇಲೆ ‘ವೇಸ್ಟ್’ ಎಂದಷ್ಟೇ ಬರೆದಿತ್ತು. ಅದರ ತಳದಲ್ಲಿ ನೈಟ್ರಿಕ್ ಆಮ್ಲ ಉಳಿದಿದ್ದು ತಿಳಿಯದೆ ಯಾರೋ ಅಸಿಟೋನ್ ಸುರಿದು ಮುಚ್ಚಳ ಬಿಗಿದರು. ನಾವೆಲ್ಲ ಚಹಾಕ್ಕೆ ಹೋಗಿದ್ದೆವು. ಮರಳಿ ಬಂದಾಗ ಬಾಟಲಿ ಇದ್ದ ಜಾಗದಲ್ಲಿ ಬಾಟಲಿ ಇರಲಿಲ್ಲ. ಎದುರಿನ ಕಪ್ಪುಹಲಗೆಯಲ್ಲಿ ಗಾಜಿನ ಚೂರು ನೆಟ್ಟಿತ್ತು. ಅಂದಿನಿಂದ ನನಗೆ ‘ವೇಸ್ಟ್’ ಎಂಬ ಒಂದೇ ಪದದ ಚೀಟಿ ಕಂಡರೆ ಆಗದು. ಏನೇನು, ಎಷ್ಟೆಷ್ಟು, ಯಾವತ್ತು, ಯಾರು ಹಾಕಿದರು ಎಂದು ಬರೆಯಬೇಕು. ಆಮ್ಲ ಬೇರೆ, ದ್ರಾವಕ ಬೇರೆ; ದ್ರಾವಕಗಳಲ್ಲೂ ಕ್ಲೋರೋಫಾರ್ಮ್‌ನಂಥ ಕ್ಲೋರಿನ್ ಇರುವವು ಬೇರೆ.

ಚೀಟಿ ಕನ್ನಡದಲ್ಲಿರಲಿ ಎಂದಾಗ ಇದು ಭಾಷಾಭಿಮಾನವೆಂದು ನಕ್ಕವರಿದ್ದಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ನಮೂನೆ 8ರಲ್ಲೇ ಎಚ್ಚರಿಕೆಯ ಮಾತು ಸ್ಥಳೀಯ ಭಾಷೆಯಲ್ಲೂ ಇರಬೇಕೆಂದಿದೆ. ಬಾಟಲಿ ಎತ್ತುವ ಅಟೆಂಡರಿಗೆ ರಾಸಾಯನಿಕ ಸೂತ್ರ ಓದಲು ಬರುತ್ತದೆಯೇ? ಒಡೆದ ಗಾಜನ್ನು ಪತ್ರಿಕೆಯಲ್ಲಿ ಸುತ್ತಿ (ನಮ್ಮ ಪತ್ರಿಕೆಯಲ್ಲೂ ಸುತ್ತಿರಬಹುದು) ಒಣಕಸಕ್ಕೆ ಹಾಕಿದರೆ ಕುಯ್ಯುವುದು ಪೌರಕಾರ್ಮಿಕರ ಕೈಯನ್ನು. ಗಟ್ಟಿ ರಟ್ಟಿನ ಪೆಟ್ಟಿಗೆ, ಮೇಲೆ ‘ಒಡೆದ ಗಾಜು’ ಎಂಬ ಬರಹ. ಇದಕ್ಕೆ ಯಾವ ಅನುದಾನವೂ ಬೇಡ. ಕಾಗದ, ಊಟದೆಲೆಗಳ ಕಸ ಸುಲಭದ್ದು, ಅದು ರಾಸಾಯನಿಕದ ಹತ್ತಿರ ಸುಳಿಯದಿದ್ದರಾಯಿತು.

ಹೊಣೆಯ ಪ್ರಶ್ನೆಗೆ ಬರುತ್ತೇನೆ. ನಿಯಮದ ಪ್ರಕಾರ ತ್ಯಾಜ್ಯ ಹುಟ್ಟುವ ಸಂಸ್ಥೆಯ ಮೇಲೆ ಹತೋಟಿ ಇರುವವರೇ ಅದಕ್ಕೆ ಹೊಣೆ. ಅಟೆಂಡರ್ ಅಲ್ಲ, ಅತಿಥಿ ಉಪನ್ಯಾಸಕಿಯಂತೂ ಅಲ್ಲ. ಸಾಮಾನ್ಯವಾಗಿ ತೊಂಬತ್ತು ದಿನಕ್ಕಿಂತ ಹೆಚ್ಚು ಕಾಲ ಅಪಾಯಕಾರಿ ತ್ಯಾಜ್ಯವನ್ನು ಇಟ್ಟುಕೊಳ್ಳುವಂತಿಲ್ಲ, ಅಧಿಕೃತ ಘಟಕಕ್ಕೇ ಕೊಡಬೇಕು. ನಮ್ಮಲ್ಲಿ ನೆಲಮಂಗಲದಾಚೆ ದಾಬಸ್‌ಪೇಟೆಯಲ್ಲಿ ಅಂಥ ಘಟಕವಿದೆ. ನಿಮ್ಮ ವಿಭಾಗದ ನಾಲ್ಕು ಬಾಟಲಿಗೆ ಲಾರಿ ಬರುವುದು ಕಷ್ಟ. ಪ್ರಾಣಿಶಾಸ್ತ್ರದ ಫಾರ್ಮಲಿನ್, ಸೂಕ್ಷ್ಮಜೀವಿ ವಿಭಾಗದ ಬಣ್ಣಗಳು, ನಿಮ್ಮ ದ್ರಾವಕಗಳು ಒಂದೇ ಪಟ್ಟಿಗೆ ಬಂದರೆ ಕುಲಸಚಿವರು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಲು ದಾರಿಯಾಗುತ್ತದೆ.

ನಿಮ್ಮ ಕೆಲಸ ಕಾಯಂ ಅಲ್ಲ ಎಂಬುದನ್ನು ಮರೆತು ಧೈರ್ಯ ಹೇಳುವವನು ನಾನಲ್ಲ. ಆದ್ದರಿಂದ ದೂರು ಬರೆಯಬೇಡಿ, ಪಟ್ಟಿ ಬರೆಯಿರಿ. ಹಳೆಯ ದಾಸ್ತಾನು ಪುಸ್ತಕವೊಂದನ್ನು ಕೇಳಿ ಪಡೆದು ಕಪಾಟಿನಲ್ಲಿರುವುದನ್ನು ಹೊರಗಿನಿಂದ ಕಂಡಷ್ಟು ದಾಖಲಿಸಿ, ಪ್ರತಿಯನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊದಲ ನಮೂದು ಆ ಈಥರ್ ಬಾಟಲಿಯದೇ ಇರಲಿ, ಬೀಗದ ಕೈ ಯಾರ ಬಳಿ ಇದೆ ಎಂಬುದೂ ಅದೇ ಸಾಲಿನಲ್ಲಿರಲಿ.